ಓಮ್ನಿಯ ಮಾತು

ಆಟಿ ತಿಂಗಳ ಮಳೆಗೆ ನಮ್ಮ ಬಜಪೆಯಲ್ಲಿ ಒಣಗದೆ ಉಳಿಯುವುದು ಬಟ್ಟೆ ಮಾತ್ರವಲ್ಲ, ಗಾಡಿಯ ವಯರು ಕೂಡ. ನಮ್ಮದು ಹಳೆಯ ಮಾರುತಿ ಓಮ್ನಿ. 1984ರಲ್ಲಿ ‘ಮಾರುತಿ ವ್ಯಾನ್’ ಎಂದು ಬಂದು, 2019ರಲ್ಲಿ ತಯಾರಿಯೇ ನಿಂತುಹೋದ ವಂಶದ್ದು. ಮನೆಯವರು ಗಲ್ಫಿನಲ್ಲಿ, ಇಲ್ಲಿ ನಾನು ಮತ್ತು ಉಬ್ಬಸದ ಅತ್ತೆ. ನಡುರಾತ್ರಿ ಮಂಗಳೂರಿನ ಆಸ್ಪತ್ರೆಗೆ ಓಡಬೇಕಾದರೆ ಮೆಕ್ಯಾನಿಕನ್ನು ಎಲ್ಲಿಂದ ತರಲಿ? ಹಾಗಾಗಿ ಗಾಡಿಯ ಭಾಷೆ ಕಲಿತೆ.

ಕೀಲಿ ತಿರುಗಿಸಿದಾಗ ಬರೀ ‘ಟಕಟಕ’ ಎಂದು ದೀಪವೂ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಕೊಂಡಿಗೆ ಕಿಲುಬು ಹಿಡಿದಿದೆ. ನೆಗೆಟಿವ್ ಕೊಂಡಿಯನ್ನು ಮೊದಲು ಕಳಚಬೇಕು, ಕೊನೆಗೆ ಜೋಡಿಸಬೇಕು. ನಡುವೆ ಅಡುಗೆ ಸೋಡಾದ ನೀರಿನಲ್ಲಿ ತಿಕ್ಕಿ, ಒರೆಸಿ, ತುಸು ವ್ಯಾಸಲೀನ್ ಸವರಿದರಾಯಿತು. ದೀಪ ಪ್ರಖರವಾಗಿದ್ದು ಒಂದೇ ‘ಟಕ್’ ಎಂದರೆ ಸಂಶಯ ಸ್ಟಾರ್ಟರಿನ ಮೇಲೆ. ಇಂಜಿನ್ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್ ಇಲ್ಲ, ಇಲ್ಲವೇ ಕಿಡಿ ಇಲ್ಲ. ಇಂಜಿನ್ ಇರುವುದು ಮುಂದಿನ ಸೀಟಿನಡಿ. ಕೀಲಿ ತೆಗೆದಿಟ್ಟು, ಒದ್ದೆಯಾದ ಪ್ಲಗ್ಗಿನ ವಯರುಗಳನ್ನು ಒಣಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಹೊರಟುಬಿಡುತ್ತದೆ.

ಎರಡು ಎಚ್ಚರಿಕೆ: ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನದನ್ನು ಹಾಕಿ, ತಂತಿ ಸುತ್ತಿದರೆ ಬೆಂಕಿಗೆ ದಾರಿ. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆರೆಯಲೇಬೇಡಿ. ಬ್ರೇಕಿನ ಕೆಲಸಕ್ಕೆ ನಾನು ಕೈಹಾಕುವುದಿಲ್ಲ.

ಗ್ಯಾರೇಜಿನಲ್ಲೂ ಈಗ ‘ಗಾಡಿ ಕೆಟ್ಟಿದೆ’ ಎನ್ನುವುದಿಲ್ಲ. ‘ದೀಪ ಸರಿಯಿದೆ, ಸ್ಟಾರ್ಟರ್ ನೋಡಿ’ ಎನ್ನುತ್ತೇನೆ. ಬಿಲ್ಲು ಸಣ್ಣದಾಗಿದೆ. ಅದಕ್ಕಿಂತ ದೊಡ್ಡ ಲಾಭ ಬೇರೆ. ಮೊದಲೆಲ್ಲ ಅತ್ತೆ ‘ಬೆಳಗಾಗಲಿ’ ಎಂದು ಉಬ್ಬಸವನ್ನು ಸೆರಗಿನಲ್ಲಿ ಅಡಗಿಸಿಕೊಂಡು ಕೂರುತ್ತಿದ್ದರು. ಈಗ ಕೂಗಿ ಎಬ್ಬಿಸುತ್ತಾರೆ.