ಎದೆಯ ಭಾರ

ಗಡಿನಾಡಿನ ನಾವು ವೈದ್ಯರ ಮಾತನ್ನು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಕೇಳಿ, ಮನೆಯವರಿಗೆ ಕನ್ನಡದಲ್ಲಿ ತಿಳಿಸಬೇಕಾದವರು. ಕಾಸರಗೋಡಿನ ಅಧ್ಯಾಪಕ ಬಂಧುಗಳಿಗೆ ಇದು ಹೊಸತಲ್ಲ. ಆದರೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ತಂದ ಕೆಲಸವು ನಮ್ಮನ್ನು ಬಹಳ ದಿನ ಯೋಚನೆಗೆ ಹಚ್ಚಿತು. ಹುಟ್ಟಿದಾಗ ಹೆಣ್ಣೆಂದು ದಾಖಲಾದ ಅವನು ಇಂದು ಗಂಡಸಾಗಿ ಬಾಳುತ್ತಿದ್ದಾನೆ. ತನ್ನ ಎದೆಯನ್ನು ಗಂಡಸಿನ ಎದೆಯಂತೆ ಸಮಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಬಯಸಿದ್ದಾನೆ. "ಮಾಷ್ಟ್ರೇ, ಅಮ್ಮನಿಗೆ ನೀವೇ ಬಿಡಿಸಿ ಹೇಳಬೇಕು" ಎಂದನು.

ವರ್ಷಗಟ್ಟಲೆ ಅವನು ಬಿಗಿಯಾದ ಬಟ್ಟೆಯಿಂದ ಎದೆಯನ್ನು ಕಟ್ಟಿಕೊಂಡೇ ಓಡಾಡಿದವನು. ಹಾಗೆ ಕಟ್ಟಿದರೆ ಬೆನ್ನು, ಪಕ್ಕೆಗಳು ನೋಯುತ್ತವೆ, ಉಸಿರು ಹಿಡಿದಂತಾಗುತ್ತದೆ, ನಮ್ಮ ಕರಾವಳಿಯ ಸೆಕೆಯಲ್ಲಿ ಚರ್ಮವೂ ಕೆಡುತ್ತದೆ. ಇಷ್ಟನ್ನು ಹೇಳುವುದು ಕಷ್ಟವಾಗಲಿಲ್ಲ.

ಚಿಕಿತ್ಸೆಯ ವಿಧಾನಗಳು ಹಲವು. ಎದೆ ಚಿಕ್ಕದಾಗಿದ್ದು ಚರ್ಮವು ಬಿಗಿಯಾಗಿದ್ದರೆ, ತೊಟ್ಟಿನ ಸುತ್ತಣ ಕಪ್ಪು ವರ್ತುಲದ ಅಂಚಿನಲ್ಲಿಯೇ ಕೊಯ್ದು ಒಳಗಿನದನ್ನು ತೆಗೆಯಬಹುದು. ಕಲೆ ಕಡಿಮೆ, ಆದರೆ ಮತ್ತೊಮ್ಮೆ ತಿದ್ದಿಸಬೇಕಾಗುವುದುಂಟು. ಎದೆ ದೊಡ್ಡದಾಗಿದ್ದರೆ ಕೆಳಭಾಗದಲ್ಲಿ ಎರಡೂ ಕಡೆ ಉದ್ದಕ್ಕೆ ಕೊಯ್ದು, ಹೆಚ್ಚಿನ ಚರ್ಮವನ್ನೂ ತೆಗೆದು, ತೊಟ್ಟನ್ನು ಬೇರ್ಪಡಿಸಿ, ಕಿರಿದುಮಾಡಿ, ಹೊಸ ಸ್ಥಾನದಲ್ಲಿ ಕೂರಿಸುತ್ತಾರೆ. ಇದಕ್ಕೆ ಮಾತನ್ನು ಹುಡುಕಬೇಕಾಗಲಿಲ್ಲ. "ಕಸಿ" ಎಂದೊಡನೆ, ಮಾವಿಗೆ ಕಸಿ ಕಟ್ಟಬಲ್ಲ ಆ ತಾಯಿ, "ಹಿಡಿಯದಿದ್ದರೆ?" ಎಂದರು. ವೈದ್ಯರನ್ನು ಕೇಳಬೇಕಾದ ಪ್ರಶ್ನೆಯೇ ಅದು! ಕೆಲವೊಮ್ಮೆ ಹಿಡಿಯದಿರುವುದುಂಟು, ಹಿಡಿದರೂ ಸ್ಪರ್ಶದ ಅರಿವು ಬಹುಮಟ್ಟಿಗೆ ಕುಗ್ಗುತ್ತದೆ. ತೊಟ್ಟೇ ಬೇಡವೆನ್ನುವವರಿದ್ದಾರೆ, ಶಸ್ತ್ರಚಿಕಿತ್ಸೆಯೇ ಬೇಡವೆನ್ನುವವರೂ ಇದ್ದಾರೆ. ಅದರಿಂದ ಅವರ ಗಂಡಸುತನಕ್ಕೆ ಕುಂದಿಲ್ಲ.

"ಇದೆಲ್ಲ ಈಗಿನವರ ಹುಚ್ಚಲ್ಲವೇ?" ಎಂದೂ ಆಕೆ ಕೇಳಿದರು. ಇಂಗ್ಲೆಂಡಿನ ಮೈಕೇಲ್ ಡಿಲನ್ ಎಂಬವರು 1940ರ ದಶಕದಲ್ಲಿಯೇ ಈ ಚಿಕಿತ್ಸೆಯನ್ನು ಮಾಡಿಸಿಕೊಂಡಿದ್ದರು. ಮುಂದೆ ತಾವೇ ವೈದ್ಯರಾದರು. ಕೊನೆಗೆ ಬೌದ್ಧ ದೀಕ್ಷೆ ಪಡೆದು, 1962ರಲ್ಲಿ ನಮ್ಮ ದೇಶದ ಡಾಲ್‌ಹೌಸಿಯಲ್ಲಿಯೇ ತೀರಿಕೊಂಡರು. ಇದನ್ನು ಕೇಳಿ ಆಕೆ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಖರ್ಚಿನ ಮಾತೆತ್ತಿದರು. 2015ರಲ್ಲಿ ಲಿಂಗಾಂತರಿಗಳಿಗಾಗಿ ನೀತಿಯೊಂದನ್ನು ಪ್ರಕಟಿಸಿದ ಕೇರಳ ಸರಕಾರವು ಇಂಥ ಶಸ್ತ್ರಚಿಕಿತ್ಸೆಗೆ ಧನಸಹಾಯವನ್ನೂ ನೀಡುತ್ತ ಬಂದಿದೆ ಎಂದೆವು.

ಅನಂತರದ ಆರೈಕೆಯನ್ನು ಮಾತ್ರ ಕಾಗದದಲ್ಲಿ ಬರೆದುಕೊಟ್ಟೆವು. ಒಳಗೆ ಸೇರುವ ನೀರನ್ನು ಇಳಿಸಲು ಕೆಲವು ದಿನ ನಳಿಕೆಗಳನ್ನು ಇಟ್ಟಿರಬಹುದು, ಕೆಲವು ವಾರ ಬಿಗಿಯುಡುಪು ಬೇಕು, ಭಾರವನ್ನು ಎತ್ತಬಾರದು. ಸ್ತನದ ಅಂಶವು ಸ್ವಲ್ಪವಾದರೂ ಒಳಗೆ ಉಳಿದಿರುವುದರಿಂದ, ಮುಂದೆಂದಾದರೂ ಗಂಟು ಕಂಡರೆ ವೈದ್ಯರಿಗೆ ತೋರಿಸಬೇಕು. ಗಂಡಸಿಗೆ ಈ ಚಿಂತೆಯೇಕೆಂದು ಅವನು ನಕ್ಕನು. ಆ ಸಾಲನ್ನು ಅವನಿಂದ ಎರಡನೆಯ ಸಲ ಗಟ್ಟಿಯಾಗಿ ಓದಿಸಿದೆವು.