ನಾನು ನಂಬದೆ ಹೋದ ಕಾಯಿಲೆ



ಶ್ರೀಮಠದ ಈ ಮಾಸಪತ್ರಿಕೆಯಲ್ಲಿ ನಾನು ಈ ಹಿಂದೆ ಒಂದೆರಡು ಬಾರಿ ಬರೆದದ್ದು ಪ್ರಸಾದ ನಿಲಯದ ವಿದ್ಯಾರ್ಥಿ ಜೀವನದ ನೆನಪುಗಳನ್ನು. ಈ ಬಾರಿ ಎತ್ತಿಕೊಂಡಿರುವ ವಿಷಯ ಗಂಡಸಾದವನು ಸಾಮಾನ್ಯವಾಗಿ ಬಾಯಿಬಿಟ್ಟು ಆಡದಂಥದು. ಬಸುರಿ ಹೆಂಗಸಿನ ವಾಂತಿ. ಇದೂ ಬರೆಯತಕ್ಕ ವಿಷಯವೇ ಎಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಮೂವತ್ತಾರು ವರ್ಷಗಳ ಕಾಲ ನಾನೂ ಹಾಗೆಯೇ ಎಣಿಸಿದ್ದವನು. ಬರೆಯಲೇ ಎಂದು ಮನೆಯಾಕೆಯ ಒಪ್ಪಿಗೆ ಕೇಳಿದಾಗ ಆಕೆ, "ಬರೀರಿ, ಆದ್ರೆ ನಿಮ್ಮ ತಪ್ಪನ್ನೂ ಸೇರಿಸಿ ಬರೀರಿ" ಎಂದಳು. ಆ ಕರಾರಿನ ಮೇಲೆಯೇ ಈ ಬರಹ.

1982ರಲ್ಲಿ ಮದುವೆಯಾಗಿ ನಾವು ಬೆಂಗಳೂರಿನ ಮಾರೇನಹಳ್ಳಿಯ ವಠಾರವೊಂದರಲ್ಲಿ ಸಂಸಾರ ಹೂಡಿದೆವು. ನಾನು ಮಾಗಡಿ ರಸ್ತೆಯ ಕಡೆ ಪ್ರೌಢಶಾಲೆಯೊಂದರಲ್ಲಿ ಕನ್ನಡ ಉಪಾಧ್ಯಾಯ. ವಿಜಯನಗರ ಬಡಾವಣೆ ಸುತ್ತಲೂ ಬೆಳೆದು ನಿಂತಿದ್ದರೂ ನಮ್ಮ ಓಣಿಯ ಮಟ್ಟಿಗೆ ಊರು ಇನ್ನೂ ಹಳ್ಳಿಯಾಗಿಯೇ ಇತ್ತು. ಮನೆಗಳ ಮುಂದೆ ದನ ಕಟ್ಟುತ್ತಿದ್ದರು, ಬೀದಿ ನಲ್ಲಿಯ ಬಳಿ ಬೆಳಗಿನ ಜಾವಕ್ಕೇ ಕೊಡಗಳ ಸಾಲು ಏಳುತ್ತಿತ್ತು. ಪಕ್ಕದ ಮನೆಯವರು ಊದುಬತ್ತಿ ಹೊಸೆದು ಜೀವನ ಮಾಡುತ್ತಿದ್ದರು. ಅದರ ಪರಿಮಳ ನಮ್ಮ ಗೋಡೆಯನ್ನು ದಾಟಿ ಬರುತ್ತಿತ್ತು. ಬಾಡಿಗೆಯಿಲ್ಲದೆ ದೊರೆತ ಭಾಗ್ಯವೆಂದು ನಾನು ಅದನ್ನು ಹೊಗಳುತ್ತಿದ್ದೆ.

1983ರ ಜನವರಿಯ ಕೊನೆಯಲ್ಲಿ ಆಕೆಗೆ ಆ ಪರಿಮಳವೇ ನರಕವಾಯಿತು. ಮೊದಲು ಬೆಳಗಿನ ಓಕರಿಕೆ; ಮನೆಯಲ್ಲಿ ಎಲ್ಲರಿಗೂ ಸಂತೋಷ. ವಾರ ಕಳೆಯುವಷ್ಟರಲ್ಲಿ ಹಗಲು ರಾತ್ರಿಗಳ ಭೇದವಿಲ್ಲದ ವಾಂತಿ. ಒಗ್ಗರಣೆಯ ವಾಸನೆ, ಸೀಮೆಎಣ್ಣೆ ಸ್ಟೋವಿನ ವಾಸನೆ, ಕುದಿಯುವ ಮುದ್ದೆಯ ವಾಸನೆ, ಕಡೆಗೆ ನನ್ನ ಅಂಗಿಯ ಬೆವರಿನ ವಾಸನೆ, ಯಾವುದೂ ಸೇರದು. ಬಾಯಲ್ಲಿ ಊರುವ ಜೊಲ್ಲನ್ನು ನುಂಗಲೂ ಆಗದೆ ತಲೆದಿಂಬಿನ ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ಬೋಗುಣಿ ಇಟ್ಟುಕೊಂಡಿದ್ದಳು. ಕುಡಿದ ನೀರು ಗಳಿಗೆ ಕಳೆಯುವುದರೊಳಗೆ ಹೊರಗೆ ಬರುತ್ತಿತ್ತು. ಹೊಟ್ಟೆಯಲ್ಲಿ ಏನೂ ಇಲ್ಲದಾಗ ಹಳದಿಯ ಪಿತ್ತ, ಅದೂ ಮುಗಿದ ಮೇಲೆ ಬರಿಯ ಒದ್ದಾಟ. ನಮ್ಮ ಮನೆಗಳಲ್ಲಿ ಈ ಸಂಕಟಕ್ಕೆ 'ಬಯಕೆ' ಎಂಬ ಹೆಸರು. ಲೋಕದ ಯಾವ ಪದಾರ್ಥವನ್ನೂ ಬಯಸಲಾರದ ಸ್ಥಿತಿಗೆ ಆ ಹೆಸರನ್ನು ಇಟ್ಟವರು ಯಾರೋ ತಿಳಿಯದು, ಹೆಂಗಸರಂತೂ ಇರಲಾರರು.

ಊರಿನಿಂದ ಬಂದ ನಮ್ಮವ್ವ ಎರಡು ದಿನ ನೋಡಿದರು. ಮೂರನೆಯ ದಿನ ನನ್ನನ್ನು ಹೊರಗೆ ಕರೆದು, "ನಾವೇನು ಹೆತ್ತಿಲ್ಲವೇನಪ್ಪಾ? ಮಧ್ಯಾಹ್ನದವರೆಗೆ ಪೈರು ನಾಟಿ ಮಾಡಿ ರಾತ್ರಿಗೆ ನಿನ್ನ ಹೆತ್ತೋಳು ನಾನು. ಇದು ಪೇಟೆ ಹುಡುಗೀರ ವಯ್ಯಾರ" ಎಂದರು. ಅವರಲ್ಲಿ ಕೆಡುಕಿರಲಿಲ್ಲ, ತಮ್ಮ ಮೈಯ ಅನುಭವವೊಂದನ್ನೇ ಅಳತೆಗೋಲಾಗಿ ಹಿಡಿದಿದ್ದರು, ಅಷ್ಟೆ. ಪರೀಕ್ಷಿಸಿದ ವೈದ್ಯರೂ, ಇವೆಲ್ಲ ಸಹಜ, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು ಎಂದು ಹೇಳಿ ಕಳುಹಿಸಿದರು. ವಿದ್ಯಾವಂತನಾದ ನಾನು ಈ ಎರಡು ಸಾಕ್ಷ್ಯಗಳನ್ನೂ ಕೂಡಿಸಿ, ನನ್ನ ಹೆಂಡತಿಯದು ಅರ್ಧ ನಿಜ, ಅರ್ಧ ನಾಟಕ ಎಂದು ತೀರ್ಮಾನಿಸಿಕೊಂಡೆ.

ಇನ್ನು ಬರೆಯಲೇಬೇಕಾದ ಮಾತು. ಆ ವರ್ಷ ಫೆಬ್ರವರಿಯಲ್ಲಿ ಶಿವರಾತ್ರಿಗೆ ಶ್ರೀಮಠಕ್ಕೆ ಹೋಗಿ ಬರುವಾಗ ಪ್ರಸಾದವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ತಂದೆ. ಪ್ರಸಾದ ನಿಲಯದಲ್ಲಿ ಬೆಳೆದ ತಮಗೆ ಹೇಳಬೇಕಾದ್ದಿಲ್ಲ. ತಟ್ಟೆಯಲ್ಲಿ ಒಂದು ಅಗುಳು ಉಳಿದರೂ ನಮಗೆ ಮನಸ್ಸು ತಡೆಯದು. ಇದನ್ನಾದರೂ ತಿನ್ನು, ಇದು ಕೆಡುಕು ಮಾಡದು ಎಂದು ಒತ್ತಾಯಿಸಿ ಬಾಯಿಗಿಟ್ಟೆ. ಆಕೆ ಕಣ್ಣುಮುಚ್ಚಿ ನುಂಗಿದಳು. ಬೋಗುಣಿಯನ್ನು ಎಳೆದುಕೊಳ್ಳುವಷ್ಟೂ ಅವಕಾಶವಾಗಲಿಲ್ಲ. ಅದು ನೆಲದ ಮೇಲೆ ಬಂತು. "ಪ್ರಸಾದವನ್ನೂ ಉಗುಳುವವಳಾದೆಯಾ?" ಎಂದೆ. ಇನ್ನೂ ಕೆಲವು ಮಾತುಗಳನ್ನು ಆಡಿದೆ. ಅವನ್ನು ಇಲ್ಲಿ ಬರೆಯಲಾರೆ. ಆಕೆ ಗೋಡೆ ಹಿಡಿದು ಎದ್ದು, ಆ ನೆಲವನ್ನು ತಾನೇ ಒರೆಸಿದಳು.

ನನ್ನ ಅಸಮಾಧಾನವನ್ನು ಹಲವು ದಿನಗಳ ಬಳಿಕ ಪರಿಚಿತರಾದ ಹಿರಿಯ ಅಯ್ಯನವರೊಬ್ಬರಲ್ಲಿ ತೋಡಿಕೊಂಡೆ. ಸ್ನಾನವಿಲ್ಲ, ಲಿಂಗಪೂಜೆಯಿಲ್ಲ, ಮಲಗಿದಲ್ಲಿಯೇ ವಾಂತಿ ಎಂದು ದೂರಿದೆ. ಅವರು ನಸುನಗದೆ, ಐದು ಸೂತಕಗಳನ್ನೂ ಒಲ್ಲೆವೆಂದ ಧರ್ಮದವನು ನೀನು. ಒಡಲಿನ ಬೇನೆಯನ್ನು ಮೈಲಿಗೆಯೆಂದು ಎಣಿಸುವೆಯಾ, ಮಲಗಿದಲ್ಲಿಯೇ ಅಂಗೈ ಮೇಲೆ ಲಿಂಗವನ್ನು ಇಟ್ಟುಕೊಳ್ಳಲು ಹೇಳು ಎಂದರು. ತಲೆದೂಗಿ ಕೇಳಿಕೊಂಡೆ. ಮನೆಗೆ ಬಂದು ಆಕೆಗೆ ಆ ಮಾತನ್ನು ಹೇಳಲಿಲ್ಲ. ಹೇಳಿದ್ದರೆ ನಾನು ಸೋತಂತೆ ಎಂಬ ಭಾವವಿತ್ತೋ ಏನೋ.

ಮಾರ್ಚ್ ತಿಂಗಳಲ್ಲಿ ಆಕೆ ನಲ್ಲಿಯ ಬಳಿ ಕುಸಿದು ಬಿದ್ದಳು. ಆಸ್ಪತ್ರೆಯ ತಕ್ಕಡಿಯಲ್ಲಿ ತೂಗಿದಾಗ ನಲವತ್ತು ಕಿಲೋ; ಮದುವೆಯ ವೇಳೆಗೆ ನಲವತ್ತೆಂಟು ಇದ್ದವಳು. ಹನ್ನೊಂದು ದಿನ ಬಾಟಲಿ ಹಾಕಿದರು. ಸೆಪ್ಟೆಂಬರಿನಲ್ಲಿ ಗಂಡು ಮಗು ಹುಟ್ಟಿತು. ತೂಕ ಕಡಿಮೆಯಿದ್ದರೂ ಉಳಿಯಿತು. ಎರಡನೆಯ ಮಗು ಬೇಡವೆಂದು ಆಕೆ ಹಟ ಹಿಡಿದಳು. ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅವ್ವ ಮಾತ್ರ ಮೊಮ್ಮಗಳ ಆಸೆಯನ್ನು ಇಟ್ಟುಕೊಂಡೇ ಕಣ್ಣು ಮುಚ್ಚಿದರು.

ಈಗ 2019ಕ್ಕೆ ಬರುತ್ತೇನೆ. ಮನೆ ಅದೇ ಮಾರೇನಹಳ್ಳಿಯಲ್ಲಿ, ಆದರೆ ಸ್ವಂತದ್ದು. ಓಣಿಯಲ್ಲಿ ದನಗಳಿಲ್ಲ. 2015ರ ನವೆಂಬರಿನಲ್ಲಿ ವಿಜಯನಗರಕ್ಕೆ ಮೆಟ್ರೋ ಬಂದಿತ್ತು. ಸೊಸೆ ಅದರಲ್ಲಿಯೇ ಕಚೇರಿಗೆ ಹೋಗಿ ಬರುತ್ತಿದ್ದಳು. ಫೆಬ್ರವರಿಯಲ್ಲಿ ಒಂದು ದಿನ ಬಂಡಿಯೊಳಗಿನ ಯಾರದೋ ಸುಗಂಧದ್ರವ್ಯದ ವಾಸನೆಗೆ ನಡುವೆಯೇ ಇಳಿದು, ನಿಲ್ದಾಣದ ಬೆಂಚಿನ ಮೇಲೆ ಒಂದು ಗಂಟೆ ಕುಳಿತು ಮನೆಗೆ ಮರಳಿದಳು. ಆ ಸಂಜೆ ನನ್ನ ಹೆಂಡತಿ ಅವಳ ಮುಖವನ್ನು ನೋಡಿದಳು, ನಾಲಿಗೆ ನೋಡಿದಳು. ಅಡುಗೆಮನೆಗೆ ಹೋಗಿ ಒಗ್ಗರಣೆಯ ಬಾಣಲೆಯನ್ನು ಒಲೆಯಿಂದ ಇಳಿಸಿದಳು. ಮಗನಿಗೆ ಒಂದೇ ಮಾತು: "ನಾಳೆ ಬೆಳಗ್ಗೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಸಹಜ ಅಂದ್ರೆ ಇನ್ನೊಬ್ಬ ಡಾಕ್ಟ್ರ ಹತ್ರ ಕರ್ಕೊಂಡು ಹೋಗು."

ಈ ಬಾರಿ ವೈದ್ಯೆ ಮೂತ್ರ ಪರೀಕ್ಷೆ ಮಾಡಿಸಿದರು. ಅದರಲ್ಲಿ ಕೀಟೋನ್ ಇತ್ತು. ಆಹಾರ ದೊರೆಯದ ದೇಹ ತನ್ನ ಕೊಬ್ಬನ್ನೇ ಉರಿಸಿಕೊಳ್ಳುವಾಗ ಹುಟ್ಟುವ ವಸ್ತು ಅದು. ಕಾಯಿಲೆಗೆ ಹೆಸರಿದೆಯೆಂದು ಮೊದಲ ಬಾರಿಗೆ ತಿಳಿದದ್ದು ಆಗಲೇ: ಹೈಪರೆಮೆಸಿಸ್ ಗ್ರಾವಿಡೇರಮ್, ಅಂದರೆ ಬಸಿರಿನ ಅತಿವಾಂತಿ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಬಸುರಿಯರಿಗೆ ಒಂದಿಷ್ಟು ಓಕರಿಕೆ ಇರುವುದುಂಟು; ಈ ಉಗ್ರರೂಪ ನೂರಕ್ಕೆ ಮೂವರನ್ನು ಮೀರದು. ಅವ್ವ ಕಂಡಿದ್ದು ಮೊದಲನೆಯದನ್ನು, ನನ್ನ ಹೆಂಡತಿ ಅನುಭವಿಸಿದ್ದು ಎರಡನೆಯದನ್ನು. ಒಂದನ್ನು ಕಂಡವರು ಇನ್ನೊಂದನ್ನು ಅಳೆಯಲು ಹೊರಟದ್ದೇ ನಮ್ಮ ಮನೆಯಲ್ಲಿ ಆದ ಅನಾಹುತ.

ಸೊಸೆಗೆ ಲವಣಜಲ ಏರಿಸುವಾಗ ವೈದ್ಯೆ ಮೊದಲು ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ಕೊಟ್ಟರು. ವಾರಗಟ್ಟಲೆ ಅನ್ನ ಕಾಣದ ದೇಹಕ್ಕೆ ಅದನ್ನು ಕೊಡದೆ ಬರಿಯ ಗ್ಲೂಕೋಸ್ ಹಾಕಿದರೆ ಮಿದುಳಿಗೇ ಅಪಾಯ ಒದಗಬಹುದಂತೆ. ಗ್ಲೂಕೋಸ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆಂದು ನಂಬಿ ಬೆಳೆದ ನಮ್ಮ ಪೀಳಿಗೆಗೆ ಇದು ಹೊಸ ಮಾತು. ಡಾಕ್ಸಿಲಮೀನ್ ಮತ್ತು ಬಿ6 ಸೇರಿದ ಮಾತ್ರೆಯನ್ನು ಬರೆದರು. ಬಸುರಿಗೆ ಔಷಧವೇ ಎಂದು ನಾನು ಹೌಹಾರಿದೆ. ಈ ಭಯಕ್ಕೆ ಇತಿಹಾಸವುಂಟು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ ಎಂಬ ಔಷಧವನ್ನು ಬಸುರಿಯರ ಓಕರಿಕೆಗೂ ಕೊಟ್ಟು, ಸಾವಿರಾರು ಮಕ್ಕಳು ಕೈಕಾಲುಗಳ ಊನದೊಡನೆ ಹುಟ್ಟಿದವು; 1961ರಲ್ಲಿ ಅದನ್ನು ಹಿಂತೆಗೆದುಕೊಂಡರು. ಆ ಹೆದರಿಕೆಯ ನೆರಳು ಮುಂದಿನ ಔಷಧಗಳ ಮೇಲೂ ಬಿತ್ತು. ಡಾಕ್ಸಿಲಮೀನ್ ಮತ್ತು ಬಿ6 ಸೇರಿದ ಮಾತ್ರೆಯನ್ನು ಅಮೆರಿಕದಲ್ಲಿ ಮೊಕದ್ದಮೆಗಳ ಕಾಟಕ್ಕೆ ಬೇಸತ್ತು ತಯಾರಕರು 1983ರಲ್ಲಿ ನಿಲ್ಲಿಸಿಬಿಟ್ಟರು; ಮಗುವಿಗೆ ಹಾನಿಯೆಂಬುದಕ್ಕೆ ಆಧಾರವಿಲ್ಲವೆಂದು ತಿಳಿದು, 2013ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಮತ್ತೆ ಒಪ್ಪಿಗೆ ಕೊಟ್ಟಿತು. ನಮ್ಮ ಮನೆಯಲ್ಲಿ ಬೋಗುಣಿ ಇದ್ದದ್ದೂ ಅದೇ 1983ರಲ್ಲಿ.

ಸೊಸೆ ಆಸ್ಪತ್ರೆಯಿಂದ ಬಂದ ಮರುದಿನ, ಎಳನೀರು ಹಿಡಿದು ಅವಳ ಕೋಣೆಯ ಬಾಗಿಲಿಗೆ ಹೋದೆ. ಒಳಗೆ ಅತ್ತೆ ಸೊಸೆ ಮಾತನಾಡುತ್ತಿದ್ದರು. ಕದ್ದು ಕೇಳಬೇಕೆಂದು ನಿಂತವನಲ್ಲ. ಕಾಲು ಮುಂದಕ್ಕೆ ಹೋಗಲಿಲ್ಲ.

"ಅತ್ತೆ, ನಾನು ಬೇಕೂಂತ ಮಾಡ್ತಿಲ್ಲ."

"ಗೊತ್ತು ಕಣಮ್ಮ. ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆವತ್ತು ನನ್ನ ಮಾತನ್ನ ಯಾರೂ ನಂಬಲಿಲ್ಲ. ವಾಂತಿ ಹೇಗೋ ತಡ್ಕೊಂಡೆ. ಪ್ರಸಾದ ಉಗುಳಿದೋಳು ಅನ್ನಿಸ್ಕೊಂಡಿದ್ದು ತಡ್ಕೊಳ್ಳಕ್ಕಾಗ್ಲಿಲ್ಲ. ಹೊಟ್ಟೇಲಿರೋ ಮಗೂನೇ ಬೇಡ ಅನ್ನಿಸ್ಬಿಟ್ಟಿತ್ತು ಒಂದಿನ. ಅದಕ್ಕೇ ಇನ್ನೊಂದು ಬೇಡ ಅಂದೆ. ನಿಮ್ಮ ಮಾವನವರಿಗೆ ಇವತ್ತಿಗೂ ಗೊತ್ತಿಲ್ಲ."

ಎಳನೀರನ್ನು ಬಾಗಿಲ ಬಳಿ ಇಟ್ಟು ಹಿಂದಿರುಗಿದೆ. ಆ ರಾತ್ರಿ ಅಯ್ಯನವರು ಅಂದು ಹೇಳಿದ್ದ ಮಾತನ್ನು ಆಕೆಗೆ ಮೂವತ್ತಾರು ವರ್ಷ ತಡವಾಗಿ ಮುಟ್ಟಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಆವತ್ತೇ ಹೇಳಿದ್ರೆ ಲಿಂಗಯ್ಯನ ಹತ್ರ ಅಳಬಹುದಿತ್ತಲ್ರೀ" ಎಂದಳು.

ಆಮೇಲೆ ಈ ವಿಷಯವಾಗಿ ದೊರೆತದ್ದನ್ನೆಲ್ಲ ಓದತೊಡಗಿದೆ. ಕಾಲೇಜಿನಲ್ಲಿ ಓದಿದ್ದ 'ಜೇನ್ ಐರ್' ಕಾದಂಬರಿಯ ಲೇಖಕಿ ಷಾರ್ಲೆಟ್ ಬ್ರಾಂಟೆ 1855ರ ಮಾರ್ಚ್ 31ರಂದು ಬಸುರಿಯಾಗಿದ್ದಾಗಲೇ, ಮೂವತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡಳು. ಮರಣಪತ್ರದಲ್ಲಿ ಕ್ಷಯವೆಂದು ಬರೆದಿದ್ದರೂ, ಆಕೆಯನ್ನು ಕೊಂದದ್ದು ಈ ಅತಿವಾಂತಿಯೇ ಇರಬೇಕೆಂದು ಹಲವು ಜೀವನಚರಿತ್ರಕಾರರ ಅಭಿಪ್ರಾಯ. 2012ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಜಮನೆತನದ ಸೊಸೆ ಕ್ಯಾಥರೀನ್ ಇದೇ ಕಾರಣಕ್ಕೆ ಆಸ್ಪತ್ರೆ ಸೇರಿದರು. ಅರಮನೆಯ ಸೊಸೆಗೆ ಬಂದಾಗ ಕಾಯಿಲೆ, ವಠಾರದ ಸೊಸೆಗೆ ಬಂದಾಗ ವಯ್ಯಾರ!

ಕಾರಣವೂ ಈಗ ತಿಳಿದುಬಂದಿದೆ. ಅಮೆರಿಕದ ವಿಜ್ಞಾನಿ ಮಾರ್ಲೀನಾ ಫೆಜ಼ೊ 1999ರಲ್ಲಿ ಇದೇ ಕಾಯಿಲೆಯಿಂದ ತಮ್ಮ ಗರ್ಭವನ್ನು ಕಳೆದುಕೊಂಡವರು. ಆಕೆಯ ಮಾತನ್ನೂ ಆಗ ವೈದ್ಯರು ನಂಬಿರಲಿಲ್ಲವಂತೆ. ಆಕೆ, ಕೇಂಬ್ರಿಜ್‌ನ ಸ್ಟೀಫನ್ ಓ'ರಾಹಿಲಿ ಮತ್ತು ಸಂಗಡಿಗರು 2023ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಗರ್ಭದಲ್ಲಿ ಬೆಳೆಯುವ ಮಗು ಮತ್ತು ಮಾಸಿನಿಂದ ಜಿ.ಡಿ.ಎಫ್.15 ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಸೇರಿ, ಮಿದುಳಿನಲ್ಲಿ ಓಕರಿಕೆಯನ್ನು ಎಬ್ಬಿಸುತ್ತದೆ. ಬಸಿರಿಗೆ ಮುಂಚೆ ಯಾರ ರಕ್ತದಲ್ಲಿ ಅದು ತೀರ ಕಡಿಮೆಯಿರುತ್ತದೋ, ಅವರ ದೇಹಕ್ಕೆ ಅದರ ಅಭ್ಯಾಸವಿಲ್ಲದೆ, ಈ ಹೊಸ ಪ್ರವಾಹ ತಡೆಯಲಾರದಷ್ಟಾಗುತ್ತದೆ. ಇದರಲ್ಲಿ ಮನಸ್ಸಿನ ದೌರ್ಬಲ್ಯದ ಪ್ರಶ್ನೆಯೇ ಇಲ್ಲ. ಆ ಲೇಖನದ ಸಾರಾಂಶವನ್ನು ಮಗ ಕನ್ನಡದಲ್ಲಿ ಹೇಳುತ್ತಿದ್ದಾಗ ಮನೆಯಾಕೆ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಿ, ಇನ್ನೊಮ್ಮೆ ಹೇಳೆಂದಳು.

ತಮ್ಮ ಮನೆಯಲ್ಲಿ ಬಸುರಿಯರಿದ್ದರೆ ಕೆಲವು ವಿಷಯಗಳನ್ನು ಗಮನಿಸಬೇಕೆಂದು ಕೋರುತ್ತೇನೆ. ಒಂದು ಹಗಲು ರಾತ್ರಿ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ಎದ್ದು ನಿಂತರೆ ಕಣ್ಣು ಕತ್ತಲಿಟ್ಟರೆ, ಮೊದಲಿನ ತೂಕದಲ್ಲಿ ನೂರಕ್ಕೆ ಐದು ಪಾಲು, ಎಂದರೆ ಐವತ್ತು ಕಿಲೋ ಇದ್ದವಳು ಎರಡೂವರೆ ಕಿಲೋ ಇಳಿದರೆ, ಶುಂಠಿ ನಿಂಬೆಗಳನ್ನು ನಂಬಿ ಕೂರದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಅನೇಕರಿಗೆ ಇದು ಇಪ್ಪತ್ತನೆಯ ವಾರದ ವೇಳೆಗೆ ತಗ್ಗುತ್ತದೆ. ಕೆಲವರಿಗೆ ಹೆರಿಗೆಯವರೆಗೂ ಬಿಡದು. ಉದ್ಯೋಗಸ್ಥೆಯರ ವಿಷಯದಲ್ಲಿ ಇನ್ನೊಂದು ಮಾತು. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯಿದೆಯ 10ನೆಯ ಪ್ರಕರಣದಂತೆ, ಬಸಿರಿನಿಂದ ಉಂಟಾದ ಕಾಯಿಲೆಗೆ ಪ್ರಮಾಣಪತ್ರ ಕೊಟ್ಟರೆ ಹೆರಿಗೆ ರಜೆಯಲ್ಲದೆ ಒಂದು ತಿಂಗಳವರೆಗೆ ಸಂಬಳಸಹಿತ ರಜೆ ಸಲ್ಲುತ್ತಿತ್ತು. ಸೊಸೆಯ ಕಚೇರಿಯವರಿಗೆ ಅದು ಗೊತ್ತಿರಲಿಲ್ಲ; ಕಾಯಿದೆಯ ಪ್ರತಿಯನ್ನು ನಾನೇ ಒಯ್ದು ತೋರಿಸಿದೆ. ನಿವೃತ್ತ ಮೇಷ್ಟರು ಇಷ್ಟಕ್ಕಾದರೂ ಒದಗಬೇಕಲ್ಲವೇ?

2019ರ ಶಿವರಾತ್ರಿ ಮಾರ್ಚ್ 4ರಂದು ಬಂತು. ಎಂದಿನಂತೆ ಶ್ರೀಮಠಕ್ಕೆ ಹೋಗಿ ಪ್ರಸಾದ ತಂದೆ. ಸೊಸೆ ಅಂದು ಬೆಳಗಿನಿಂದ ಒಂದು ಹಿಡಿ ಮಂಡಕ್ಕಿ, ನಾಲ್ಕು ಚಮಚ ಎಳನೀರು ಉಳಿಸಿಕೊಂಡಿದ್ದಳು. ಗಂಟನ್ನು ಕಂಡವಳೇ ಏಳಲು ಹೋದಳು. ನಾನು ಬೇಡವೆನ್ನುವಷ್ಟರಲ್ಲಿ ನನ್ನ ಹೆಂಡತಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ವಾಸನೆ ಬಾರದಂತೆ ಡಬ್ಬಿಯಲ್ಲಿ ಮುಚ್ಚಿ, ಜಗಲಿಯ ಮೇಲೆ ಎತ್ತಿಟ್ಟಳು. "ಮಲಕ್ಕೋ ತಾಯಿ" ಎಂದಳು. "ಅದಕ್ಕೇನವಸರ."