ಆಕಾಶ ಕಾಣದ ರೈಲು

ಲಂಡನ್ನಿಗೆ ಹೋದವರು ಥೇಮ್ಸ್ ನದಿಯನ್ನು ಸೇತುವೆಯ ಮೇಲೆ ನಿಂತು ನೋಡುವುದು ವಾಡಿಕೆ. ನನಗಾದರೋ ಅದರ ಅಡಿಯಲ್ಲಿ ಹಾದುಹೋಗುವ ಯೋಗವೇ ಮೊದಲು ಒದಗಿತು. ಅದೂ ಒಂದು ದಿನ ತಡವಾಗಿ. ಭಾನುವಾರ ಉತ್ಸಾಹದಿಂದ ವಾಟರ್‌ಲೂ ನಿಲ್ದಾಣಕ್ಕೆ ಹೋದರೆ ಬಾಗಿಲು ಹಾಕಿತ್ತು.

“ಇದು ಗುಮಾಸ್ತರ ರೈಲು, ಸಾರ್. ಕಚೇರಿಗೆ ರಜವಾದರೆ ಇದಕ್ಕೂ ರಜ,” ಎಂದು ನನ್ನ ಹಳೆಯ ವಿದ್ಯಾರ್ಥಿ ನಕ್ಕನು. ಅಲ್ಲಿಯೇ ಉದ್ಯೋಗದಲ್ಲಿರುವ ಅವನು ಮರುದಿನ ನನ್ನನ್ನು ಜೊತೆಗೆ ಕರೆದೊಯ್ದನು.

‘ವಾಟರ್‌ಲೂ ಅಂಡ್ ಸಿಟಿ’ ಮಾರ್ಗದ ಉದ್ದ ಸುಮಾರು 2.4 ಕಿಲೋಮೀಟರು, ನಿಲ್ದಾಣಗಳು ಎರಡೇ. 1848ರಲ್ಲಿ ತೆರೆದ ವಾಟರ್‌ಲೂ ನಿಲ್ದಾಣದಲ್ಲಿ ಬಡಾವಣೆಗಳ ಜನ ಬಂದಿಳಿಯುತ್ತಿದ್ದರು. ಅವರ ಕಚೇರಿಗಳಿದ್ದ ‘ಸಿಟಿ’ಯೋ ನದಿಯ ಆಚೆ ದಡದಲ್ಲಿ! ಈ ಕೊರತೆಯನ್ನು ನೀಗಲು ನೆಲದೊಳಗೆ ಸುರಂಗ ಕೊರೆದು, 1898ರ ಆಗಸ್ಟ್ 8ರಂದು ವಿದ್ಯುತ್ ಗಾಡಿಗಳನ್ನು ಓಡಿಸಿದರು. ಮೊದಲ ಗಾಡಿಗಳು ಬಂದದ್ದು ಅಮೆರಿಕದಿಂದ. ಆಚೆಯ ನಿಲ್ದಾಣಕ್ಕೆ ‘ಬ್ಯಾಂಕ್’ ಎಂಬ ಹೆಸರಾದದ್ದು 1940ರಲ್ಲಿ.

ಈ ಹಳಿಗಳಿಗೆ ಪ್ರಪಂಚದ ಬೇರಾವ ಹಳಿಯ ನಂಟೂ ಇಲ್ಲ. ಗಾಡಿಗಳ ದುರಸ್ತಿಯೂ ಪಾತಾಳದಲ್ಲಿಯೇ. ಹೊರತೆಗೆಯಲೇಬೇಕಾದರೆ ಒಂದೊಂದೇ ಡಬ್ಬಿಯನ್ನು, ಬಾವಿಗೆ ಬಿದ್ದ ಕೊಡವನ್ನು ಎತ್ತುವಂತೆ, ಕ್ರೇನಿನಿಂದ ಎತ್ತಬೇಕು! ಲಂಡನ್ನಿನವರು ಇದಕ್ಕೆ ‘ಡ್ರೈನ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ನಮ್ಮ ಮಾತಿನಲ್ಲಿ ಮೋರಿ. ತಿರಸ್ಕಾರವೋ ಸಲಿಗೆಯೋ ತಿಳಿಯದು. ಸಲಿಗೆಯೇ ಇರಬೇಕೆಂದು ನನ್ನ ಎಣಿಕೆ.

ಗಾಡಿ ಹತ್ತಿದೆವು. ನಿಲ್ಲಲು ಜಾಗವಿದ್ದುದೇ ಪುಣ್ಯ. ಅಷ್ಟು ಜನರಿದ್ದರೂ ಒಂದು ಮಾತಿಲ್ಲ, ಕೆಮ್ಮಿಲ್ಲ. ನದಿ ಯಾವಾಗ ತಲೆಯ ಮೇಲೆ ಹಾದುಹೋಯಿತೋ ಕಾಣೆ. ನಾಲ್ಕು ನಿಮಿಷಗಳಲ್ಲಿ ಪಯಣ ಮುಗಿದಿತ್ತು. ಬ್ಯಾಂಕ್ ನಿಲ್ದಾಣದಲ್ಲಿ, 1960ರಿಂದ ಜನರನ್ನು ಹೊತ್ತು ಸಾಗುತ್ತಿರುವ ಚಲಿಸುವ ನೆಲದ ಮೇಲೆ ನಿಂತಾಗ ವಿದ್ಯಾರ್ಥಿ ಮೆಲ್ಲನೆ ಹೇಳಿದನು:

“2020ರ ಮಾರ್ಚಿನಲ್ಲಿ ಸೋಂಕಿನ ಕಾರಣ ಇದು ನಿಂತುಹೋಯಿತು, ಸಾರ್. ಮತ್ತೆ ತೆರೆದದ್ದು 2021ರ ಜೂನ್ 21ರಂದು. ಶನಿವಾರದ ಓಡಾಟವಂತೂ ಮರಳಲಿಲ್ಲ. ಮೊದಲು ದಿನವೂ ಇದೇ ಬಾಗಿಲ ಬಳಿ ಒಬ್ಬ ವೃದ್ಧರು ನಿಲ್ಲುತ್ತಿದ್ದರು. ಮಡಿಸಿದ ಪತ್ರಿಕೆ, ಕೈಯಲ್ಲಿ ಕೊಡೆ. ನನ್ನನ್ನು ಕಂಡರೆ ಸ್ವಲ್ಪ ಸರಿದು ಜಾಗ ಬಿಡುತ್ತಿದ್ದರು. ಆರು ವರ್ಷ! ತೆರೆದ ದಿನವೇ ಬಂದು ಹುಡುಕಿದೆ. ಇಂದಿಗೂ ಹತ್ತುವಾಗ ಆ ಕಡೆ ಕಣ್ಣು ಹೋಗುತ್ತದೆ.”

“ಅವರ ಹೆಸರೇನು?” ಎಂದೆ.

“ಕೇಳಲೇ ಇಲ್ಲ, ಸಾರ್,” ಎಂದನು. ಅಷ್ಟರಲ್ಲಿ ಚಲಿಸುವ ನೆಲ ಮುಗಿದು, ನಾವು ಜನರೊಡನೆ ಬಿಸಿಲಿಗೆ ಬಂದೆವು.